ರೂಪಾಯಿಗೆ ಒಂದು ಆಣೆಯ ದೋಣಿ

(ಕಾರವಾರದಲ್ಲಿ ನಿವೃತ್ತ ನೌಕರರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಆಮೇಲೆ ಕುಳಿತು ಬರೆದದ್ದು. ಸಭೆಯಲ್ಲಿ ಕೈಸನ್ನೆಯಿಂದ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಅಲ್ಲಲ್ಲಿ ತುಸು ಉದ್ದವಾಗಿದೆ.)

ಹಿರಿಯರೇ, ಗೆಳೆಯರೇ,

ಮೇಜಿನ ಮೇಲೆ ಪಂಚೆ ಹೊದಿಸಿ ಇಟ್ಟಿರುವುದು ಏನು ಎಂದು ಬಾಗಿಲಲ್ಲೇ ಮೂವರು ಕೇಳಿದರು. ಒಬ್ಬರು ಕೇಳದೆಯೇ ಕೈಮುಗಿದು ಹೋಗಿ ಕುಳಿತರು. ದೇವರಲ್ಲ, ದೋಣಿ. ಕೊನೆಗೆ ತೆರೆಯುತ್ತೇನೆ. ಈಗಲೇ ತೆರೆದರೆ ನೀವು ಅದನ್ನೇ ನೋಡುತ್ತ ಕೂರುತ್ತೀರಿ, ನನ್ನ ಮಾತು ಗಾಳಿಗೆ ಹೋಗುತ್ತದೆ.

ಪರಿಚಯ ಮಾಡಿಕೊಟ್ಟ ಮಿತ್ರರು, ಮರದ ಹಡಗಿನ ಮಾದರಿ ಕಟ್ಟುವುದು ಮನಸ್ಸಿಗೆ ಬಹಳ ಶಾಂತಿ ಕೊಡುವ ಹವ್ಯಾಸ ಎಂದರು. ದಯವಿಟ್ಟು ಇದನ್ನು ನನ್ನ ಹೆಂಡತಿಯ ಎದುರು ಹೇಳಬೇಡಿ. ಎರಡು ಮಿಲಿಮೀಟರ್ ಗಾತ್ರದ ರಾಟೆಯೊಂದು ಚಿಮುಟದಿಂದ ಜಾರಿ ನೆಲಕ್ಕೆ ಬಿದ್ದಾಗ ಮನೆಮಂದಿಯೆಲ್ಲ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಬೇಕಾದ ಮನೆ ನಮ್ಮದು. ತಾಳ್ಮೆ ಬೇಕು ಎಂದೂ ಎಲ್ಲರೂ ಹೇಳುತ್ತಾರೆ. ತಾಳ್ಮೆ ನನಗೆ ಹುಟ್ಟಾ ಇಲ್ಲ, ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಇಲ್ಲೇ ಎರಡನೆಯ ಸಾಲಿನಲ್ಲಿ ನಗುತ್ತಿದ್ದಾರೆ. ಈ ಕೆಲಸಕ್ಕೆ ಬೇಕಾದದ್ದು ಮಾಡಿದ್ದನ್ನು ಬಿಚ್ಚುವ ಎದೆಗಾರಿಕೆ. ಮೂರು ವಾರ ಅಂಟಿಸಿದ್ದನ್ನು ಒಂದು ಸಂಜೆ ಬಿಸಿನೀರು ಹಚ್ಚಿ ಹಚ್ಚಿ ಕಿತ್ತು, ಮರುದಿನ ಬೆಳಿಗ್ಗೆ ಚಹಾ ಕುಡಿದು ಮೊದಲಿನಿಂದ ಶುರು ಮಾಡಬೇಕು.

ನಾನು ಮೋಜಣಿ ಇಲಾಖೆಯವನು. ಮೂವತ್ತನಾಲ್ಕು ವರ್ಷ ಈ ಜಿಲ್ಲೆಯ ಗದ್ದೆ, ತೋಟ, ಬೇಣಗಳನ್ನು ಅಳೆದೆ. ನಮ್ಮ ಹಳೆಯ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿಯಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಆಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿವೃತ್ತಿಯ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರ. ಇನ್ನು ಮುಂದೆ ಹೊತ್ತೇ ಹೋಗದವನ ಕೈಗೆ ಗಡಿಯಾರ ಕೊಟ್ಟು ಕಳಿಸುವ ಪದ್ಧತಿಯನ್ನು ಯಾವ ಪುಣ್ಯಾತ್ಮರು ತಂದರೋ.

ಮೊದಲ ಆರು ತಿಂಗಳು ಟಾಗೋರ್ ಕಡಲತೀರದಲ್ಲಿ ನಡೆದೆ. ರವೀಂದ್ರನಾಥರು ಇಪ್ಪತ್ತೆರಡರ ಆಸುಪಾಸಿನಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಈ ಕಡಲನ್ನು ನೋಡಿ ನಾಟಕ ಬರೆದರು. ನಾನು ಅದೇ ಕಡಲನ್ನು ನೋಡಿ ಸಕ್ಕರೆ ಕಾಯಿಲೆಯ ನಡಿಗೆ ಮುಗಿಸಿ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ದಡಕ್ಕೆ ಏರಿಸಿ ನಿಲ್ಲಿಸಿದ ಚಪಲ ಎಂಬ ಯುದ್ಧನೌಕೆ. ಅದರ ಮುಂದೆ ನಿಂತು ಮೊಮ್ಮಕ್ಕಳಿಗೆ 1971ರಲ್ಲಿ ಕರಾಚಿಯ ಮೇಲೆ ಬಿದ್ದ ಹಡಗು ಇದೇ ಎಂದು ಹೇಳುವ ಅಜ್ಜಂದಿರನ್ನು ದಿನವೂ ಕೇಳಿದ್ದೇನೆ. ಚಪಲ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋಗಿದ್ದವು ಅದೇ ರಷ್ಯನ್ ಓಸಾ ಜಾತಿಯ, ಅದಕ್ಕಿಂತ ಹಿಂದಿನ ದೋಣಿಗಳು. ಮೋಜಣಿದಾರನಿಗೆ ಗಡಿ ತಪ್ಪಿದರೆ ಸಹಿಸಲಾಗುವುದಿಲ್ಲ, ಕ್ಷಮಿಸಿ.

ಹೀಗಿರುವಾಗ ಸರಕು ಹಡಗಿನಲ್ಲಿ ನೌಕರಿ ಮಾಡುವ ಅಕ್ಕನ ಮಗ ರಜೆಗೆ ಬಂದವನು ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ಮರದ ಪಟ್ಟಿಗಳ ಕಟ್ಟುಗಳು, ದಾರದ ಉಂಡೆಗಳು, ಹಿತ್ತಾಳೆಯ ಚೂರುಗಳು, ಚಾಪೆಯಷ್ಟು ಅಗಲದ ನಕ್ಷೆ. ಕಟಿ ಸಾರ್ಕ್ ಎಂಬ ಹಡಗಿನ ಮಾದರಿ. 1869ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದು ಚೀನಾದಿಂದ ಚಹಾ ಹೊತ್ತು ತಂದ ಮೂರು ಕೂವೆಕಂಬದ ಹಾಯಿಹಡಗು, ಈಗ ಲಂಡನ್ನಿನ ಗ್ರೀನಿಚ್‌ನಲ್ಲಿ ನಿಂತಿದೆ. "ಮಾವ, ನಿಮಗೆ ನಕ್ಷೆ ಓದಲು ಬರುತ್ತದಲ್ಲ, ಆರು ತಿಂಗಳಲ್ಲಿ ಮುಗಿಯುತ್ತದೆ" ಎಂದ. ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಆರಂಭಿಸುವವರು ಯಾರೂ ಮೂರು ಕಂಬದ ಹಡಗಿಗೆ ಕೈಹಾಕಬೇಡಿ. ಈಜು ಕಲಿಯಲು ಕಾಳಿ ನದಿಯ ಅಳಿವೆಗೆ ಹಾರಿದಂತೆ ಅದು.

ಆದರೆ ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ ರಾತ್ರಿ ಒಂದು ಸಂಗತಿ ಕಂಡಿತು. ಹಡಗನ್ನು ಮೂರು ಕಡೆಯಿಂದ ಬರೆದಿರುತ್ತಾರೆ: ಪಕ್ಕದಿಂದ, ಮೇಲಿನಿಂದ, ಎದುರಿನಿಂದ. ಮೇಲಿನಿಂದ ಬರೆದದ್ದರಲ್ಲಿ ಒಂದರೊಳಗೊಂದು ಬಾಗಿದ ಗೆರೆಗಳಿದ್ದವು. ಸ್ವಲ್ಪ ಹೊತ್ತು ದಿಟ್ಟಿಸಿದೆ. ಇವು ಸಮೋನ್ನತ ರೇಖೆಗಳು! ಬೆಟ್ಟದ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ನಾವು ಎಳೆಯುವ ಅವೇ ಗೆರೆಗಳು. ಹಡಗಿನ ಒಡಲೆಂದರೆ ತಲೆಕೆಳಗಾದ ಒಂದು ಗುಡ್ಡ. ಕೈಗಾ ದಾರಿಯ ಗುಡ್ಡಗಳಲ್ಲಿ ಜಿಗಣೆ ಕಚ್ಚಿಸಿಕೊಂಡು ನಾನು ಎಳೆದ ಗೆರೆಗಳನ್ನೇ ಯಾರೋ ನೀರಿನ ಕೆಳಗೆ ಎಳೆದಿದ್ದರು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮಾದರಿ ಕಟ್ಟುವ ಬಗೆ ಹೀಗೆ. ಅಡಿಯಲ್ಲಿ ಬೆನ್ನುಮೂಳೆಯಂಥ ಒಂದು ಮರ, ಅದಕ್ಕೆ ಕೀಲ್ ಎನ್ನುತ್ತಾರೆ. ಅದಕ್ಕೆ ಅಡ್ಡಲಾಗಿ ಹಡಗಿನ ಒಡಲಿನ ಆಕಾರಕ್ಕೆ ಕತ್ತರಿಸಿದ ತುಂಡುಗಳು, ಪಕ್ಕೆಲುಬುಗಳಂತೆ. ಅವುಗಳ ಮೇಲೆ ಉದ್ದುದ್ದ ಪಟ್ಟಿಗಳನ್ನು ಹೊದಿಸುತ್ತ ಬರಬೇಕು. ಕೇಳಲು ಸುಲಭ. ಕುಂಬಳಕಾಯಿಯನ್ನು ನೆನೆಸಿಕೊಳ್ಳಿ: ಅದರ ಹೋಳಿನ ಗೆರೆಗಳು ನಡುವೆ ಅಗಲ, ತೊಟ್ಟಿನ ಹತ್ತಿರ ಕಿರಿದು. ಹಡಗಿನ ಹೊಟ್ಟೆಯೂ ನಡುವೆ ದಪ್ಪ, ಮೂತಿಯಲ್ಲಿ ಸಪೂರ. ಹಾಗಾಗಿ ಒಂದೇ ಅಗಲದ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಹೊದಿಸಲು ಹೋದರೆ ಮೂತಿಯ ಬಳಿ ಒಂದರ ಮೇಲೊಂದು ಹತ್ತುತ್ತವೆ. ಪ್ರತಿಯೊಂದು ಪಟ್ಟಿಯನ್ನೂ ಅಳೆದು ತುದಿಯತ್ತ ಕೆತ್ತಿ ಕಿರಿದು ಮಾಡಬೇಕು. ಎಡಕ್ಕೊಂದು ಹಾಕಿದರೆ ಕೂಡಲೇ ಬಲಕ್ಕೊಂದು ಹಾಕಬೇಕು.

ಈ ಕೊನೆಯ ಮಾತನ್ನು ನಕ್ಷೆಯ ಮೂಲೆಯಲ್ಲಿ ಬರೆದಿತ್ತು. ನಾನು ಓದಲಿಲ್ಲ. ಎಡಬದಿ ಪೂರ್ತಿ ಮುಗಿಸಿಯೇ ಬಲಬದಿಗೆ ಬರೋಣ ಎಂದು ಹನ್ನೊಂದು ಪಟ್ಟಿ ಹೊದಿಸಿದೆ. ಹಸಿ ಪಟ್ಟಿಗಳು ಒಣಗುತ್ತ ಎಳೆದುಕೊಂಡವು. ಬೆಳಿಗ್ಗೆ ಎದ್ದು ನೋಡಿದರೆ ಬ್ರಿಟಿಷರ ಚಹಾ ಹಡಗು ಬಾಳೆಕಾಯಿಯಾಗಿತ್ತು. ಅದನ್ನು ಬಿಚ್ಚಿದ ಸಂಜೆಯೇ ನಾನು ಆಗ ಹೇಳಿದ ಸಂಜೆ.

ಪಟ್ಟಿ ಬಾಗಿಸುವುದು ಇನ್ನೊಂದು ಕಥೆ. ಒಂದು ಮಿಲಿಮೀಟರ್ ದಪ್ಪ, ಐದು ಮಿಲಿಮೀಟರ್ ಅಗಲದ ಪಟ್ಟಿ ಒಣಗಿದ್ದಾಗ ಕಡ್ಡಿಯಂತೆ ಮುರಿಯುತ್ತದೆ. ಅದಕ್ಕೆಂದೇ ವಿದ್ಯುತ್ ಉಪಕರಣಗಳು ಸಿಗುತ್ತವೆ. ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಇತ್ತು. ಪಟ್ಟಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹತ್ತು ನಿಮಿಷ ಹಬೆಯಲ್ಲಿಟ್ಟು, ಹೊರತೆಗೆದ ಕೂಡಲೇ ಸ್ಟೀಲ್ ಲೋಟಕ್ಕೆ ಸುತ್ತಿ ದಾರ ಬಿಗಿದು ಬಿಡುತ್ತಿದ್ದೆ. ಬೆರಳು ಸುಡುತ್ತದೆ, ಆದರೆ ಆ ಅರ್ಧ ನಿಮಿಷ ಮರ ಚಕ್ಕುಲಿ ಹಿಟ್ಟಿನಂತೆ ಹೇಳಿದ ಮಾತು ಕೇಳುತ್ತದೆ. ಆಮೇಲೆ ಕೇಳುವುದಿಲ್ಲ. ಹೆಂಡತಿ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು "ಇವತ್ತು ತಿಂಡಿಗೆ ಇಡ್ಲಿಯೋ ಹಡಗೋ?" ಎಂದು ಕೇಳುವುದು ರೂಢಿಯಾಯಿತು. ಈಗ ನನಗೆ ಬೇರೆ ಪಾತ್ರೆ ಇದೆ.

ಆರಂಭಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದರೆ, ಅರ್ಧ ಹಡಗು ಮಾಡಿ ಎನ್ನುತ್ತೇನೆ. ತಮಾಷೆಯಲ್ಲ. ಪಶ್ಚಿಮದ ಹಡಗು ಬಡಗಿಗಳು ಕಾಗದದ ನಕ್ಷೆಯ ಬದಲು ಮರದಲ್ಲಿ ಹಡಗಿನ ಒಂದು ಮಗ್ಗುಲನ್ನು ಮಾತ್ರ ಕೆತ್ತಿ, ಅದರಿಂದಲೇ ಅಳತೆ ತೆಗೆದು ದೊಡ್ಡ ಹಡಗು ಕಟ್ಟುತ್ತಿದ್ದ ಕಾಲವಿತ್ತು. ಎರಡು ಮಗ್ಗುಲೂ ಒಂದೇ ಆಗಿರುವಾಗ ಎರಡನ್ನೂ ಕೆತ್ತುವುದೇಕೆ? ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಹಲಗೆಯನ್ನು ಒಂದೊಂದು ಸಮೋನ್ನತ ರೇಖೆಗೆ ಕತ್ತರಿಸಿ, ಅಂಟಿಸಿ, ಮೆಟ್ಟಿಲುಗಳನ್ನು ಉಳಿಯಿಂದ ಸವರಿದರೆ ಆಯಿತು. ಗೋಡೆಗೆ ತೂಗುಹಾಕಬಹುದು. ಒಂದು ಮಳೆಗಾಲಕ್ಕೆ ಮುಗಿಯುತ್ತದೆ, ಹೆಚ್ಚು ಖರ್ಚಿಲ್ಲ. ಪೆಟ್ಟಿಗೆಯಲ್ಲಿ ಬರುವ ವಿದೇಶಿ ಸಾಮಾನಿಗೆ ನಮ್ಮಂಥವರ ಒಂದು ತಿಂಗಳ ಪಿಂಚಣಿ ಹೋದರೂ ಹೋಯಿತು.

ಮರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಕುಳಿತವರಲ್ಲಿ ಅರಣ್ಯ ಇಲಾಖೆಯವರೂ ಇದ್ದಾರೆ. ಹಡಗಿಗೆ ತೇಗದಂಥ ಮರವಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿಗಳು ಮಲಬಾರಿನ ತೇಗದಿಂದ 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿದೆ. ಕೂವೆಕಂಬಕ್ಕೆ ನಮ್ಮ ಘಟ್ಟದ ಸುರಹೊನ್ನೆ ಜಾತಿಯ ನೆಟ್ಟನೆಯ ಮರಗಳಿಗೆ ಬ್ರಿಟಿಷರು ಬಾಯಿ ಬಿಡುತ್ತಿದ್ದರು. ಆದರೆ ಅದೇ ತೇಗ ಮಾದರಿಗೆ ಬರುವುದಿಲ್ಲ. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ, ಅಂದರೆ ನಲವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿದಾಗ, ತೇಗದ ಎಳೆಯಲ್ಲಿರುವ ಕಾಲು ಮಿಲಿಮೀಟರ್ ಅಗಲದ ರಂಧ್ರ ಹಡಗಿನ ಮೈಮೇಲೆ ಅರ್ಧ ಇಂಚು ಅಗಲದ ಬಿರುಕಾಗಿ ಕಾಣುತ್ತದೆ. ಮರವನ್ನು ಸಣ್ಣದು ಮಾಡಬಹುದು, ಮರದ ಎಳೆಯನ್ನು ಸಣ್ಣದು ಮಾಡಲಾಗುವುದಿಲ್ಲ. ನನಗೆ ಹೊಂದಿದ್ದು ಶಿವಣೆ. ಹಗುರ, ಒಣಗಿದ ಮೇಲೆ ತಿರುಚುವುದಿಲ್ಲ. ಚನ್ನಪಟ್ಟಣದ ಗೊಂಬೆಯ ಆಲೆಮರವೂ ನುಣುಪು. ಶಿರಸಿ, ಕುಮಟಾ ಕಡೆಯ ಗುಡಿಗಾರರ ಮನೆಯಲ್ಲಿ ಕೆತ್ತನೆ ಮುಗಿದ ಮೇಲೆ ಉಳಿಯುವ ತುಂಡುಗಳು ನಮಗೆ ಬೇಕಾದ್ದಕ್ಕಿಂತ ದೊಡ್ಡವೇ. ನನಗೆ ಉಳಿ ಮಸೆಯುವುದನ್ನು ಕಲಿಸಿದವರೂ ಶಿರಸಿಯ ಒಬ್ಬ ಗುಡಿಗಾರರು. ಅವರ ಮಾತು: ಮೊಂಡಾದ ಉಳಿಗೇ ಕೈ ಕುಯ್ದುಕೊಳ್ಳುವುದು, ಹರಿತವಾದದ್ದು ಹೇಳಿದಲ್ಲಿ ನಿಲ್ಲುತ್ತದೆ. ಅವರ ಮಾತು ನಿಜವೆಂದು ನನ್ನ ಎಡಗೈ ಹೆಬ್ಬೆರಳಿಗೆ ಗೊತ್ತು.

ನಾನು ಎರಡನೆಯದಾಗಿ ಕಟ್ಟಿದ್ದು ಅರ್ಧ ಹಡಗು, ಮೂರನೆಯದಾಗಿ ಪತ್ತೇಮಾರಿ. ಹೊನ್ನಾವರ, ತದಡಿ, ಬೇಲೇಕೇರಿ, ಬೈತಕೋಲ ಬಂದರುಗಳನ್ನು ಮುಟ್ಟಿಕೊಂಡು ಮುಂಬಯಿಗೂ ಮಲಬಾರಿಗೂ ಓಡಾಡಿದ, ಓರೆ ಹಾಯಿಯ ಸರಕುದೋಣಿ. 1830ರ ದಶಕದಲ್ಲಿ ಜಾನ್ ಎಡಿ ಎಂಬ ಬ್ರಿಟಿಷ್ ಹಡಗು ಬಡಗಿ ಈ ಕರಾವಳಿಯ ದೋಣಿಗಳನ್ನು ಅಳೆದು ಬರೆದಿಟ್ಟ. ದೊಡ್ಡ ಪತ್ತೇಮಾರಿ ಸುಮಾರು 76 ಅಡಿ ಉದ್ದ, 21 ಅಡಿ ಅಗಲ, 200 ಟನ್ ಸರಕು. ಅಡಿಗೆ ಕಾಲು ಇಂಚಿನಂತೆ 19 ಇಂಚಿನ ಮಾದರಿ. ಅದು ಚೆನ್ನಾಗಿಯೇ ಬಂತು, ನೆಂಟರು ಬಂದಾಗ ತೋರಿಸಿದೆ. ಆದರೆ ನಮ್ಮ ಊರಿನ ದೋಣಿಯನ್ನು ನೋಡಲು ಇಂಗ್ಲೆಂಡಿನವನ ಕಣ್ಣು ಸಾಲ ತಂದೆನಲ್ಲ ಎಂಬ ಸಣ್ಣ ಮುಳ್ಳು ಒಳಗೆ ಉಳಿಯಿತು.

ಆ ಮುಳ್ಳು ಆಳಕ್ಕೆ ಹೋದದ್ದು 2025ರ ಮೇ 21ರಂದು. ನಮ್ಮ ಕಾರವಾರದ ನೌಕಾನೆಲೆಯಲ್ಲೇ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ನೆಲೆಯೊಳಗೆ ನನ್ನಂಥವನಿಗೆ ಪ್ರವೇಶವಿಲ್ಲ, ಎಲ್ಲರಂತೆ ಟಿ.ವಿ.ಯಲ್ಲಿ ನೋಡಿದೆ. ಅಜಂತಾ ಗುಹೆಯ ಐದನೆಯ ಶತಮಾನದ ಒಂದು ಚಿತ್ರವನ್ನು ಆಧರಿಸಿ ಗೋವಾದಲ್ಲಿ ಕಟ್ಟಿದ ಹಡಗು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ರಾಳ ಮೆತ್ತಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಹೊಲಿಸಿದವರು ಕೇರಳದ ಹಿರಿಯ ಬಡಗಿ ಬಾಬು ಶಂಕರನ್. ಅಂದಿನ ನಕ್ಷೆ ಎಂಬುದು ಯಾವುದೂ ಇರಲಿಲ್ಲ. ಗೋಡೆಯ ಚಿತ್ರಕ್ಕೆ ಉದ್ದಗಲವುಂಟು, ಆಳವೆಲ್ಲಿ? ಆಳವನ್ನು ಊಹಿಸಿ, ಮದ್ರಾಸ್ ಐಐಟಿಯಲ್ಲಿ ಅದರ ಸಣ್ಣ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ, ಆಮೇಲೆ ದೊಡ್ಡದನ್ನು ಕಟ್ಟಿದರು. 2025ರ ಡಿಸೆಂಬರ್ ಕೊನೆಯಲ್ಲಿ ಅದು ಪೋರಬಂದರಿನಿಂದ ಹಾಯಿ ಬಿಚ್ಚಿಕೊಂಡು ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಹಲಗೆ ಹೊಲಿಯುವುದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದಾಗ ನನಗೆ ಮೂರು ಕಿಲೋಮೀಟರ್ ದೂರದ ಒಂದು ಸೋಗೆ ಮಾಡು ನೆನಪಾಯಿತು. ಅದರ ಕೆಳಗೆ ಹೊಲಿದ ಪಾತಿ ದೋಣಿಯೊಂದು ಮಗುಚಿ ಬಿದ್ದಿರುವುದನ್ನು ನಡಿಗೆಯಲ್ಲಿ ನೂರು ಸಲ ದಾಟಿ ಹೋಗಿದ್ದೆ. ಒಮ್ಮೆಯೂ ನಿಂತು ನೋಡಿರಲಿಲ್ಲ.

ಮರುದಿನ ಟೇಪು, ದಾರ, ತೂಗುಗುಂಡು, ಪೆನ್ಸಿಲ್ಲು, ಹಳೆಯ ಮೋಜಣಿ ಪುಸ್ತಕ ಹಿಡಿದು ಹೋದೆ. ದೋಣಿಯ ಯಜಮಾನರು ಎಂಬತ್ತು ದಾಟಿದ ತಾಂಡೇಲರು (ದೋಣಿಯ ಮುಂದಾಳನ್ನು ಹಾಗೆನ್ನುತ್ತಾರೆ), ಬಲೆಯ ರಾಶಿಯ ಮೇಲೆ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದ್ದೇ ಅವರ ಮುಖ ಬಿಗಿಯಿತು.

"ಸಾಹೇಬರೇ, ಈ ಸಲ ಯಾವುದಕ್ಕೆ? ರಸ್ತೆಗೋ, ಬಂದರಿಗೋ?"

ನೌಕಾನೆಲೆಗೆ, ಕೊಂಕಣ ರೈಲಿಗೆ, ಚತುಷ್ಪಥ ಹೆದ್ದಾರಿಗೆ ಜಾಗ ಬಿಟ್ಟುಕೊಟ್ಟ ಕರಾವಳಿ ಇದು. ಇಲ್ಲಿ ಟೇಪು ಹಿಡಿದು ಬಂದವನು ಏನನ್ನಾದರೂ ತೆಗೆದುಕೊಂಡೇ ಹೋಗುತ್ತಾನೆ ಎಂಬುದು ಜನರ ಅನುಭವ. ನಾನು ಜಾಗ ಅಳೆಯಲು ಬಂದಿಲ್ಲ, ದೋಣಿ ಅಳೆಯಲು ಬಂದೆ ಎಂದೆ. ಅವರು ಇನ್ನಷ್ಟು ಗಾಬರಿಯಾದರು. "ದೋಣಿಗೂ ಕಂದಾಯ ಬಂತೇ?" ನಿವೃತ್ತನಾಗಿದ್ದೇನೆ, ಇದರಂತೆ ಒಂದು ಪುಟ್ಟ ದೋಣಿ ಮಾಡಬೇಕು ಎಂದು ವಿವರಿಸಿದ ಮೇಲೆ ಬಹಳ ಹೊತ್ತು ನನ್ನನ್ನೇ ನೋಡಿ, ಮೊಮ್ಮಗನಿಗೆ ಕೂಗಿ ಒಂದು ಲೋಟ ಚಹಾ ತರಿಸಿದರು. ಬಹುಶಃ ಕನಿಕರದಿಂದ.

ಅಳೆದದ್ದು ಹೇಗೆ ಎಂದರೆ, ಗದ್ದೆ ಅಳೆದಂತೆಯೇ. ಡೊಂಕು ಗಡಿಯ ಗದ್ದೆಯಲ್ಲಿ ನಾವು ನಡುವೆ ಒಂದು ನೇರ ಗೆರೆ ಹಾಕಿ, ಅಲ್ಲಲ್ಲಿಂದ ಗಡಿಗೆ ಲಂಬ ಅಳತೆ ತೆಗೆಯುತ್ತೇವಲ್ಲ? ದೋಣಿಯ ಮೂತಿಯಿಂದ ಹಿಂಬದಿಗೆ ಬಿಗಿಯಾಗಿ ದಾರ ಎಳೆದೆ. ಅಡಿಗೊಂದು ಸುಣ್ಣದ ಗುರುತು. ಪ್ರತಿ ಗುರುತಿನಲ್ಲಿ ತೂಗುಗುಂಡು ಇಳಿಬಿಟ್ಟು, ದಾರದಿಂದ ದೋಣಿಯ ಮೈಗೆ ಮೂರು ಎತ್ತರಗಳಲ್ಲಿ ಅಳತೆ. ಮೂವತ್ತನಾಲ್ಕು ವರ್ಷ ಬಾಗಿದ ಸೊಂಟ ಮತ್ತೆ ಬಾಗಿತು. ನಾಲ್ಕು ಬೆಳಿಗ್ಗೆ ಹಿಡಿಯಿತು. 24 ಅಡಿ ಉದ್ದ. ಅಡಿಭಾಗ ಒಂದೇ ಮಾವಿನ ಮರವನ್ನು ತೋಡಿದ್ದು. ಅದರ ಅಂಚಿನ ಮೇಲೆ ಎರಡೂ ಬದಿಗೆ ಒಂದೊಂದು ಹಲಗೆಯನ್ನು ಕತ್ತದ ಹುರಿಯಿಂದ ಹೊಲಿದಿತ್ತು. ಸಂದಿನ ಉದ್ದಕ್ಕೂ ಒಳಗಡೆ ನಾರಿನ ಸಿಂಬೆಯಂಥ ಮೆತ್ತೆ, ಅದರ ಮೇಲೆ ಹೊಲಿಗೆ. ಒಂದು ಕಡೆ ಹುರಿ ಕೊಳೆತು ಬೆರಳಿಗೆ ಹಿಟ್ಟಾಗಿ ಬಂತು. ಇನ್ನೊಂದು ಕಡೆ ಮೀನೆಣ್ಣೆ ಕುಡಿದು ಕಪ್ಪಾದ ಹುರಿ ಉಗುರಿಗೂ ಬಗ್ಗಲಿಲ್ಲ. ಎಡಬದಿ ಬಲಬದಿಗಿಂತ ಒಂದೂವರೆ ಇಂಚು ಉಬ್ಬಿತ್ತು. ನನ್ನ ಅಳತೆ ತಪ್ಪಿರಬೇಕೆಂದು ಮತ್ತೆ ಅಳೆದೆ. ತಾಂಡೇಲರು ನಕ್ಕರು. "ಮರ ಹಾಗಿತ್ತು, ದೋಣಿ ಹೀಗಾಯಿತು" ಎಂದರು.

ಆಗ ತಿಳಿಯಿತು. ನಾನು ಆಗ ಹೇಳಿದೆನಲ್ಲ, ಎರಡು ಮಗ್ಗುಲೂ ಒಂದೇ ಆಗಿರುವಾಗ ಎರಡನ್ನೂ ಕೆತ್ತುವುದೇಕೆ ಎಂದು. ಆ ಮಾತು ನಕ್ಷೆಯಿಂದ ಹುಟ್ಟಿದ ಹಡಗಿಗೆ ಸರಿ. ಮರದಿಂದ ಹುಟ್ಟಿದ ದೋಣಿಗೆ ಅರ್ಧ ಅಳತೆ ಸಾಲದು.

ಈ ದೋಣಿಗಳಿಗೆ ನಕ್ಷೆ ಎಲ್ಲೂ ಇಲ್ಲ. ಮಾಡಿದ ಆಚಾರಿಯ ಕಣ್ಣಿನಲ್ಲಿ ಇತ್ತು, ಆತ ಹೋದ. ಈಗ ಎಲ್ಲೆಲ್ಲೂ ಫೈಬರ್ ದೋಣಿ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಮಾವಿನ ಮರ ತೋಡಿದ ದೋಣಿಯನ್ನು ಮರಳಿನ ಮೇಲೆ ಎಳೆದು ಹೆಗಲು ಜಾರಿಸಿಕೊಂಡವರಿಗೆ ಫೈಬರ್ ಬಂದದ್ದು ದೊಡ್ಡ ಉಪಕಾರ. ಆದರೆ ಸೋಗೆ ಮಾಡಿನ ಕೆಳಗೆ ಗೆದ್ದಲು ಹಿಡಿಯುತ್ತಿರುವ ಹಳೆಯ ದೋಣಿಯನ್ನು ಅಳೆದಿಡಲು ನಾಲ್ಕು ಬೆಳಿಗ್ಗೆ ಸಾಕು. ಇಲ್ಲಿ ಲೋಕೋಪಯೋಗಿ ಇಲಾಖೆಯವರಿದ್ದೀರಿ, ಡ್ರಾಯಿಂಗ್ ಮಾಸ್ತರರಿದ್ದೀರಿ, ನನ್ನ ಇಲಾಖೆಯವರೇ ಆರು ಮಂದಿ ಇದ್ದೀರಿ. ಬೆಳಿಗ್ಗೆ ಏನು ಮಾಡುತ್ತೀರಿ ಎಂದು ನನಗೆ ಗೊತ್ತು, ನಾನೂ ಅದೇ ಬೆಂಚಿನ ಮೇಲೆ ಕುಳಿತವನು.

ಮಾದರಿಗೆ ಯಾವ ಪ್ರಮಾಣ? 24 ಅಡಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದರೆ 18 ಇಂಚು. ಹದಿನಾರರಲ್ಲಿ ಒಂದು, ಅಂದರೆ ರೂಪಾಯಿಗೆ ಒಂದು ಆಣೆ. ಸರಪಳಿಯ ಆಣೆಯೂ ಅದೇ. ನೆನಪಿಡಿ ಎಂದೆನಲ್ಲ, ಅದು ಇದಕ್ಕೆ. ಸಾಹೇಬರ ಪ್ರಮಾಣಪಟ್ಟಿಗಳ ಜೊತೆ ಗುದ್ದಾಡಿದ ಮೇಲೆ ಈ ಆಣೆ ಕೈಗೆ ಬಂದಾಗ ತವರಿಗೆ ಬಂದಂತಾಯಿತು.

ದೋಣಿಯ ಹೊಲಿಗೆಯ ರಂಧ್ರಗಳು ಮೂರು ಇಂಚಿಗೊಂದು ಇದ್ದವು. ಆಣೆ ಲೆಕ್ಕದಲ್ಲಿ ಅದು ಸುಮಾರು ಐದು ಮಿಲಿಮೀಟರ್. ಒಂದು ಸಾಲಿಗೆ 96, ಸಂದಿನ ಮೇಲೊಂದು ಕೆಳಗೊಂದು ಸಾಲು, ಎರಡು ಬದಿ: ಒಟ್ಟು 384 ರಂಧ್ರ. ನಾನು ಕೊರೆದದ್ದು 402. ಹದಿನೆಂಟು ತಪ್ಪಿದವು. ಹುರಿಗೆ ಹೊಲಿಗೆಯಂಗಡಿಯ ದಾರ, ಚಹಾದ ಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿಸಿದ್ದು, ಮೇಲೆ ಜೇನುಮೇಣ ಉಜ್ಜಿದ್ದು. ಮೆತ್ತೆಗೆ ನಿಜವಾದ ತೆಂಗಿನ ನಾರು, ಹಳೆಯ ಕಾಲೊರಸಿನಿಂದ ಕಿತ್ತದ್ದು. ಹೆಂಡತಿ ಇದನ್ನು ಮೊದಲ ಬಾರಿಗೆ ಇಲ್ಲಿ ಕೇಳುತ್ತಿದ್ದಾಳೆ.

(ಈ ಹಂತದಲ್ಲಿ ಸಭೆಯಿಂದ ನಾಲ್ಕೈದು ಪ್ರಶ್ನೆಗಳು ಬಂದವು. ಒಟ್ಟಿಗೆ ಬರೆಯುತ್ತೇನೆ.)

ಕಣ್ಣು, ಕೈ ಕೇಳಿದಿರಿ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೇ ಕೂತೆ, ಜೊತೆಗೆ ಭೂತಗನ್ನಡಿ ಇರುವ ದೀಪ. ಕೈ ನಡುಗುವುದಕ್ಕೆ ಉಪಾಯ, ಮುಂಗೈಯನ್ನು ಪೂರ್ತಿ ಮೇಜಿಗೆ ಊರಿ ಬೆರಳು ಮಾತ್ರ ಆಡಿಸುವುದು. ಧೂಳಿಗೆ ಮೂಗುಪಟ್ಟಿ ಬೇಕೇ ಬೇಕು. ತೇಗ, ಬೀಟೆಯ ಧೂಳು ಕೆಲವರಿಗೆ ಮೈ ಕೆರೆತ, ಉಬ್ಬಸ ತರುತ್ತದೆ. ಮಳೆಗಾಲವೋ, ನಮ್ಮ ಊರಿನ ಮಳೆಯಲ್ಲಿ ಫೆವಿಕಾಲ್ ಒಂದು ದಿನವಾದರೂ ಒಣಗುವುದಿಲ್ಲ, ಪಟ್ಟಿಗಳಿಗೆ ಬೂಸಲು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆತ್ತುವ ಕೆಲಸ ಮಾತ್ರ ಇಟ್ಟುಕೊಳ್ಳಿ. ಹಗ್ಗ ಕಟ್ಟುವುದನ್ನು ಫೆಬ್ರವರಿಗೆ ಬಿಡಿ. ಹತ್ತಿಯ ದಾರ ತೇವದಲ್ಲಿ ಬಿಗಿಯುತ್ತದೆ. ಆಷಾಢದಲ್ಲಿ ಬಿಗಿದ ನನ್ನ ಪತ್ತೇಮಾರಿಯ ಹಗ್ಗಗಳು ಶಿವರಾತ್ರಿಯ ಹೊತ್ತಿಗೆ ಬಟ್ಟೆ ಒಣಗಿಸುವ ಹಗ್ಗದಂತೆ ಜೋತುಬಿದ್ದವು. ಮಾರಾಟವಾಗುತ್ತದೆಯೇ ಎಂದು ಕೇಳಿದವರಿಗೆ: ಗಂಟೆ ಲೆಕ್ಕ ಹಾಕಬೇಡಿ, ನಿದ್ದೆ ಕೆಡುತ್ತದೆ.

ಈಗ ಪಂಚೆ ತೆಗೆಯುತ್ತೇನೆ. ಸ್ವಲ್ಪ ಆ ಕಡೆಯಿಂದ ಹಿಡಿಯಿರಿ.

ಹೌದು, ಬದಿಯಲ್ಲಿ ತೇಲುಮರ ಇದೆಯಲ್ಲ, ಅದಕ್ಕೆ ಕೊಂಕಣಿಯಲ್ಲಿ ಉಲಾಂಡಿ ಎನ್ನುತ್ತಾರೆ. ದೋಣಿ ಮಗುಚದಂತೆ ಅಡ್ಡಮರಗಳಿಗೆ ಕಟ್ಟಿ ಹೊರಚಾಚಿದ್ದು. ನಾನು ಅಳೆದ ದೋಣಿಯಲ್ಲಿ ಅದು ಇರಲಿಲ್ಲ, ಎಂದೋ ಒಲೆಗೆ ಹೋಗಿತ್ತು. ಅಡ್ಡಮರ ಕಟ್ಟಿದ ಸವಕಲು ಗುರುತು ಎರಡೂ ಅಂಚಿನಲ್ಲಿತ್ತು, ಆದ್ದರಿಂದ ಯಾವ ಬದಿಗೆ ಎಂದು ತಿಳಿಯಲಿಲ್ಲ. ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬಲಬದಿಗೆ ಕಟ್ಟಿದೆ. ಬರೀ ದಾರದ ಕಟ್ಟು ನಿಲ್ಲಲಾರದು ಎನಿಸಿ, ಅಡ್ಡಮರಗಳ ಕೆಳಗೆ ಬಲಗಡೆಯ ಹಲಗೆಗೆ ಎರಡು ಪುಟ್ಟ ಆನಿಕೆ ತುಂಡುಗಳನ್ನು ಕೊರೆದು ಕೂರಿಸಿದೆ. ಮುಗಿದ ಮೇಲೆ ಚೀಲದಲ್ಲಿಟ್ಟುಕೊಂಡು ತಾಂಡೇಲರ ಹತ್ತಿರ ಹೋದೆ.

ಅವರು ಅದನ್ನು ಕೈಗೆತ್ತಿಕೊಂಡರು. ಮೊದಲು ಮಗುಚಿ ಅಡಿಯನ್ನು ನೋಡಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು. ಎಡಬದಿಯ ಉಬ್ಬನ್ನು ಹುಡುಕಿ ಅಲ್ಲಿ ಬೆರಳಿಟ್ಟು, ಇದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಸುಮ್ಮನಾದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಸಾಹೇಬರೇ, ಬಲೆ ಎಲ್ಲಿಂದ ಬಿಡುತ್ತೀರಿ?"

ನನಗೆ ಅರ್ಥವಾಗಲಿಲ್ಲ. ಅವರು ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಬಲೆ ಬಿಡುವಂತೆ ಅಭಿನಯಿಸಿದರು. ಕೈ ಹೋಗಿ ಉಲಾಂಡಿಗೆ ತಾಗಿತು. ನಂತರ ಆ ಆನಿಕೆ ತುಂಡುಗಳನ್ನು ತೋರಿಸಿ "ಇದೇನು, ಕಿಟಕಿಯ ಕದಕ್ಕೆ ಹಾಕುವುದೇ?" ಎಂದು ಕೇಳಿದರು. ಅಲುಗಾಡದ ಉಲಾಂಡಿ ಮೊದಲ ಅಲೆಗೇ ಮುರಿಯುತ್ತದೆ, ಕಟ್ಟು ಇರುವುದೇ ತುಸು ಆಡಲಿ ಎಂದು, ಎಂದು ತೋರಿಸಿಕೊಟ್ಟರು. ಮನೆಗೆ ಬಂದು ಬಿಚ್ಚಿದೆ. ಈಗ ಎಡಬದಿಗಿದೆ, ಬರೀ ದಾರದ ಮೇಲೆ ನಿಂತಿದೆ. ಹತ್ತಿರ ಬಂದು ನೋಡಿ, ಮುಟ್ಟಬಹುದು. ಬಲಗಡೆಯ ಹಲಗೆಯಲ್ಲಿ ಮರದ ಬಣ್ಣಕ್ಕಿಂತ ತುಸು ಬಿಳಿಚಾಗಿ ನಾಲ್ಕು ಚುಕ್ಕೆ ಕಾಣುತ್ತವೆ. ಆನಿಕೆ ತುಂಡು ಕಿತ್ತ ರಂಧ್ರಗಳಿಗೆ ನಾನು ಹೊಡೆದ ಬಿದಿರಿನ ಬೆಣೆಗಳು ಅವು.